ಲಿನಕ್ಸ್ ಡಿಸ್ಟ್ರೋಗಳ ಮೂರು ದಶಕ: ಶಿವಮೊಗ್ಗ–ಭದ್ರಾವತಿಯ ನೆಲೆಯಿಂದ ಒಂದು ಸಮೀಕ್ಷೆ

ಲಿನಕ್ಸ್ ಎಂಬುದು ನಿಖರವಾಗಿ ಹೇಳುವುದಾದರೆ ಒಂದು ಕರ್ನಲ್‌ನ ಹೆಸರು. ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ನಿಭಾಯಿಸುವ ಈ ಒಳತಿರುಳೊಂದನ್ನೇ ಇಟ್ಟುಕೊಂಡು ಯಾರೂ ಪತ್ರ ಬರೆಯಲಾರರು, ಲೆಕ್ಕ ಇಡಲಾರರು. ಅದರ ಸುತ್ತ ಶೆಲ್, ಕಂಪೈಲರ್, ಡೆಸ್ಕ್‌ಟಾಪ್, ಬ್ರೌಸರ್, ಫಾಂಟು, ಡ್ರೈವರುಗಳನ್ನು ಹೊಂದಿಸಿ, ಒಂದಕ್ಕೊಂದು ಕೂಡಿ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ, ಸುಲಭವಾಗಿ ಸ್ಥಾಪಿಸಿಕೊಳ್ಳುವ ರೂಪದಲ್ಲಿ ಕೊಟ್ಟರೆ ಅದು ಡಿಸ್ಟ್ರಿಬ್ಯೂಷನ್. ಬಳಕೆಯ ಮಾತಿನಲ್ಲಿ ಡಿಸ್ಟ್ರೋ. ಉಬುಂಟು, ಡೆಬಿಯನ್, ಫೆಡೋರಾ, ಮಿಂಟ್ ಎಲ್ಲವೂ ಈ ಬಗೆಯವು. ಇವುಗಳ ಬೆಳವಣಿಗೆಯನ್ನು ಪರದೆಯ ಅಂದಚಂದದಿಂದ ಅಳೆಯುವವರು ಬಹಳ. ಶಿವಮೊಗ್ಗ, ಭದ್ರಾವತಿಯಂಥ ಊರುಗಳ ಬಳಕೆದಾರರಿಗೆ ಮುಖ್ಯವಾದ ಪ್ರಶ್ನೆಗಳು ಬೇರೆಯೇ ಇವೆ: ಡಿಸ್ಟ್ರೋ ಊರಿಗೆ ತಲುಪುವುದು ಹೇಗೆ, ಕೈಯಲ್ಲಿರುವ ಯಂತ್ರದ ಮೇಲೆ ಓಡುತ್ತದೆಯೇ, ಕನ್ನಡ ಸರಿಯಾಗಿ ಮೂಡುತ್ತದೆಯೇ, ಐದು ವರ್ಷದ ಮೇಲೂ ಅದನ್ನು ನೋಡಿಕೊಳ್ಳುವವರು ಇರುತ್ತಾರೆಯೇ. ಈ ಸಮೀಕ್ಷೆ ಆ ಪ್ರಶ್ನೆಗಳ ಜಾಡು ಹಿಡಿಯುತ್ತದೆ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆ ಯೂನಿಕ್ಸ್ ಮಾದರಿಯ ಸ್ವತಂತ್ರ ವ್ಯವಸ್ಥೆಯೊಂದಕ್ಕೆ ಬೇಕಾದ ಸಲಕರಣೆಗಳನ್ನು ಒಂದೊಂದಾಗಿ ಕಟ್ಟುತ್ತ ಬಂದಿತ್ತು. ಕರ್ನಲ್ ಮಾತ್ರ ಕೈಗೂಡಿರಲಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಕರ್ನಲನ್ನು ಹೊರಗಿಟ್ಟು, ಮರುವರ್ಷ ಅದನ್ನು ಗ್ನು ಯೋಜನೆಯದೇ ಆದ ಜಿಪಿಎಲ್ ಎಂಬ ಮುಕ್ತ ಪರವಾನಗಿಗೆ ಒಳಪಡಿಸಿದ ಮೇಲೆ ಎರಡೂ ಕೂಡಿಕೊಂಡವು. ಆದರೆ ಬಿಡಿಬಿಡಿಯಾಗಿ ಸಿಗುತ್ತಿದ್ದ ಭಾಗಗಳನ್ನು ಜೋಡಿಸುವುದು ಪಳಗಿದವರಿಗಷ್ಟೇ ಸಾಧ್ಯವಿತ್ತು. 1992ರಲ್ಲಿ ಮ್ಯಾಂಚೆಸ್ಟರಿನ ಎಂಸಿಸಿ ಇಂಟರಿಮ್, ಅದೇ ವರ್ಷ ಎಸ್‌ಎಲ್‌ಎಸ್ ಈ ಕೆಲಸಕ್ಕೆ ಕೈಹಾಕಿದವು. ಎಸ್‌ಎಲ್‌ಎಸ್‌ನ ಕುಂದುಕೊರತೆಗಳಿಂದ ಬೇಸತ್ತ ಇಬ್ಬರು ಯುವಕರು 1993ರಲ್ಲಿ ಬೇರೆ ಬೇರೆ ದಾರಿ ಹಿಡಿದರು. ಪ್ಯಾಟ್ರಿಕ್ ವೋಲ್ಕರ್ಡಿಂಗ್ ಜುಲೈನಲ್ಲಿ ಸ್ಲಾಕ್‌ವೇರ್ ಬಿಡುಗಡೆ ಮಾಡಿದರು. ಇಯಾನ್ ಮರ್ಡಾಕ್ ಆಗಸ್ಟ್‌ನಲ್ಲಿ ಡೆಬಿಯನ್ ಘೋಷಿಸಿದರು. ಎರಡೂ ಇಂದಿಗೂ ಜೀವಂತವಾಗಿವೆ. ಮುಂದಿನ ವರ್ಷ ರೆಡ್ ಹ್ಯಾಟ್ ಮತ್ತು ಜರ್ಮನಿಯ ಸೂಸೆ ಬಂದವು. ಇಂದು ಹೆಸರು ಕೇಳುವ ನೂರಾರು ಡಿಸ್ಟ್ರೋಗಳಲ್ಲಿ ಹೆಚ್ಚಿನವು ಡೆಬಿಯನ್ ಅಥವಾ ರೆಡ್ ಹ್ಯಾಟ್ ವಂಶದವೇ.

ಆರಂಭದ ಡಿಸ್ಟ್ರೋ ಎಂದರೆ ಫ್ಲಾಪಿಗಳ ಕಟ್ಟು. ಸ್ಲಾಕ್‌ವೇರಿನ ಮೊದಲ ಆವೃತ್ತಿ 24 ಫ್ಲಾಪಿಗಳಷ್ಟಿತ್ತು. ಸಿಡಿ ಬಂದ ಮೇಲೆ ಭಾರತದಲ್ಲಿ ಲಿನಕ್ಸ್ ಹರಡಿದ್ದು ಅಂತರ್ಜಾಲಕ್ಕಿಂತ ಹೆಚ್ಚಾಗಿ ಪತ್ರಿಕೆಗಳ ಮೂಲಕ. ಪಿಸಿ ಕ್ವೆಸ್ಟ್ ಪತ್ರಿಕೆ 1996ರಿಂದ ಸಂಚಿಕೆಯ ಜತೆಗೆ ಲಿನಕ್ಸ್ ಸಿಡಿ ಕೊಡತೊಡಗಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2003ರಲ್ಲಿ ಲಿನಕ್ಸ್‌ಗೇ ಮೀಸಲಾದ ‘ಲಿನಕ್ಸ್ ಫಾರ್ ಯೂ’ ಶುರುವಾಯಿತು. ಬೆಂಗಳೂರಿನಿಂದ ಮುನ್ನೂರು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಈ ಸಿಡಿಗಳು ಎಷ್ಟು ದೊಡ್ಡ ಉಪಕಾರ ಮಾಡಿದವು ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 650 ಎಂಬಿಯ ಒಂದು ಸಿಡಿಯನ್ನು 56 ಕೆಬಿಪಿಎಸ್ ಡಯಲ್‌ಅಪ್‌ನಲ್ಲಿ ಇಳಿಸಿಕೊಳ್ಳಲು, ಫೋನು ಒಮ್ಮೆಯೂ ಕಡಿಯದೆ ಪೂರ್ತಿ ವೇಗ ಸಿಕ್ಕರೂ, 25 ಗಂಟೆ ಮೀರುತ್ತಿತ್ತು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಹೋಗದೆ, ಲೈನು ಕೆಡದೆ ಅಷ್ಟು ಹೊತ್ತು ನಡೆಯುವ ಮಾತೇ ಇರಲಿಲ್ಲ.

2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬ್ರಾಡ್‌ಬ್ಯಾಂಡ್ ಆರಂಭಿಸಿತು. 256 ಕೆಬಿಪಿಎಸ್ ವೇಗದಲ್ಲಿ ಒಂದು ಸಿಡಿಗೆ ಆರು ಗಂಟೆ ಬೇಕು. ತಿಂಗಳಿಗೆ ಇಷ್ಟೇ ಎಂಬ ಡೇಟಾ ಮಿತಿಯೊಳಗೆ ಅದು ದುಬಾರಿ. ಮುಂದೆ 500 ರೂಪಾಯಿಯ ಯೋಜನೆಯಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಮಿತಿ ಇಲ್ಲದಾಗ, ಎರಡು ಗಂಟೆಗೆ ಅಲಾರಂ ಇಟ್ಟೋ ಡೌನ್‌ಲೋಡರಿಗೆ ವೇಳೆ ಗೊತ್ತುಮಾಡಿಯೋ ಮಲಗಿ, ಬೆಳಗ್ಗೆ ಎದ್ದು ಸಿಡಿ ಬರೆಯುವುದು ವಿದ್ಯಾರ್ಥಿಗಳ ರೂಢಿಯಾಯಿತು. ಇದೇ ಕಾಲಕ್ಕೆ ಉಬುಂಟು ಇನ್ನೊಂದು ದಾರಿ ತೆರೆದಿತ್ತು. 2004ರ ಅಕ್ಟೋಬರಿನಲ್ಲಿ ಬಂದ ಈ ಡಿಸ್ಟ್ರೋದ ಹಿಂದಿನ ಕೆನಾನಿಕಲ್ ಕಂಪನಿ, ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆಯಾಗಿ ಸಿಡಿ ಕಳಿಸುತ್ತಿತ್ತು. ಶಿಪ್‌ಇಟ್ ಎಂಬ ಈ ಸೇವೆ 2011ರವರೆಗೆ ನಡೆಯಿತು. ಭಾರತದ ಸಣ್ಣ ಊರುಗಳಲ್ಲಿ ಲಿನಕ್ಸ್ ಎಂದರೆ ಉಬುಂಟು ಎಂಬಂತಾದದ್ದಕ್ಕೆ ಅದರ ತಾಂತ್ರಿಕ ಗುಣದಷ್ಟೇ ಆ ಲಕೋಟೆಯೂ ಕಾರಣ.

ಕಾಲೇಜುಗಳ ದಾರಿ ಬೇರೆ. ಶಿವಮೊಗ್ಗದ ಜವಾಹರಲಾಲ್ ನೆಹರು ನ್ಯಾಷನಲ್ ಎಂಜಿನಿಯರಿಂಗ್ ಕಾಲೇಜು 1980ರಷ್ಟು ಹಳೆಯದು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದಾಗ, ಯೂನಿಕ್ಸ್ ಶೆಲ್, ಸಿಸ್ಟಂ ಪ್ರೋಗ್ರಾಮಿಂಗ್, ಲೆಕ್ಸ್–ಯಾಕ್‌ಗಳ ಲ್ಯಾಬ್ ಪರೀಕ್ಷೆ ಎಲ್ಲ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೂ ಕಡ್ಡಾಯವಾಯಿತು. ದುಬಾರಿ ಯೂನಿಕ್ಸ್ ಕೊಳ್ಳುವ ಬದಲು ಲಿನಕ್ಸ್ ಹಾಕಿಕೊಂಡರೆ ಆ ಪ್ರಯೋಗಗಳೆಲ್ಲ ನಡೆಯುತ್ತಿದ್ದವು. ಹೀಗೆ ಒಂದು ತಲೆಮಾರಿನ ವಿದ್ಯಾರ್ಥಿಗಳು ಕಪ್ಪು ಪರದೆಯ ಮೇಲೆ ವಿಐ ಎಡಿಟರಿನಲ್ಲಿ ಟೈಪಿಸಿ, ಜಿಸಿಸಿಯಲ್ಲಿ ಕಂಪೈಲ್ ಮಾಡಲು ಕಲಿತರು. ಲ್ಯಾಬಿನ ಹೊರಗೆ, ಮನೆಯ ಯಂತ್ರದಲ್ಲಿ ಅದನ್ನೇ ದಿನಬಳಕೆಗೆ ಇಟ್ಟುಕೊಂಡವರು ವಿರಳ. ಪರೀಕ್ಷೆಗೆ ಬೇಕಾದ ಒಂದು ಸಲಕರಣೆಯಾಗಿ ಲಿನಕ್ಸ್ ಪರಿಚಯವಾದದ್ದೇ ಈ ಬೆಳವಣಿಗೆಯ ಮಿತಿ.

ಮನೆಯ ಬಳಕೆಗೆ ಅಡ್ಡ ಬಂದ ಕಾರಣಗಳು ಆ ಕಾಲದ ಡಿಸ್ಟ್ರೋಗಳಲ್ಲೇ ಇದ್ದವು. ಜೋಡಿಸಿ ಕೊಡುವ ಕಂಪ್ಯೂಟರುಗಳಲ್ಲಿ ಇರುತ್ತಿದ್ದ ಅಗ್ಗದ ಒಳಮೋಡೆಮ್ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರಿಗೆ ಬಿಟ್ಟುಕೊಟ್ಟಿರುತ್ತಿತ್ತು. ಲಿನಕ್ಸ್‌ನಲ್ಲಿ ಅದು ಡಯಲ್ ಆಗುತ್ತಲೇ ಇರಲಿಲ್ಲ. 2002ರ ರೆಡ್ ಹ್ಯಾಟ್ 8.0 ಪೇಟೆಂಟಿನ ಭಯದಿಂದ ಎಂಪಿ3 ಬೆಂಬಲವನ್ನು ತೆಗೆದುಹಾಕಿತ್ತು. ಡಿಸ್ಕಿನಲ್ಲಿ ತುಂಬಿಟ್ಟುಕೊಂಡಿದ್ದ ಭಾವಗೀತೆ ಕೇಳಬೇಕೆಂದರೆ ಬೇರೆ ಪ್ಯಾಕೇಜನ್ನು ಹುಡುಕಿ ತರಬೇಕು. ತಂದು ಸ್ಥಾಪಿಸಹೊರಟರೆ ಇಂಥ ಲೈಬ್ರರಿ ಬೇಕು ಎಂದು ಯಂತ್ರ ನಿರಾಕರಿಸುತ್ತಿತ್ತು. ಆ ಲೈಬ್ರರಿ ತಂದರೆ ಅದು ಇನ್ನೆರಡನ್ನು ಕೇಳುತ್ತಿತ್ತು. ಡಯಲ್‌ಅಪ್ಪೂ ಇಲ್ಲದ ಮನೆಯಲ್ಲಿ ಈ ಸರಪಳಿ ಅಲ್ಲಿಗೇ ನಿಲ್ಲುತ್ತಿತ್ತು.

ಈ ತೊಡಕನ್ನು ಬಿಡಿಸಿದ ಪ್ಯಾಕೇಜ್ ಮ್ಯಾನೇಜರುಗಳೇ ಡಿಸ್ಟ್ರೋಗಳ ಇತಿಹಾಸದ ಅತಿ ದೊಡ್ಡ ಸಾಧನೆ ಎನ್ನಬೇಕು. ಡೆಬಿಯನ್ 1999ರ ಆವೃತ್ತಿಯಲ್ಲಿ ಕೊಟ್ಟ ‘ಆಪ್ಟ್’, ಯಾವ ತಂತ್ರಾಂಶಕ್ಕೆ ಯಾವುದರ ಆಸರೆ ಬೇಕೆಂಬುದನ್ನು ತಾನೇ ಲೆಕ್ಕ ಹಾಕಿ, ಭಂಡಾರದಿಂದ ತರಿಸಿ, ಸರಿಯಾದ ಕ್ರಮದಲ್ಲಿ ಕೂರಿಸುತ್ತಿತ್ತು. ರೆಡ್ ಹ್ಯಾಟ್ ಬಳಗಕ್ಕೆ ಅಂಥ ಸೌಕರ್ಯ ಯಮ್ ಮೂಲಕ ಸ್ವಲ್ಪ ತಡವಾಗಿ ಬಂತು. ಸಹಿಯಿಟ್ಟು ದೃಢಪಡಿಸಿದ ಒಂದೇ ಭಂಡಾರದಿಂದ ಎಲ್ಲವನ್ನೂ ಪಡೆಯುವ ಈ ಪದ್ಧತಿ ಮೊಬೈಲ್ ಆಪ್ ಸ್ಟೋರುಗಳಿಗಿಂತ ಎಷ್ಟೋ ವರ್ಷ ಹಿಂದಿನದು. ಡೆಬಿಯನ್ 1997ರಲ್ಲಿ ಒಪ್ಪಿಕೊಂಡ ಸಾಮಾಜಿಕ ಒಪ್ಪಂದವೂ ಇಷ್ಟೇ ಮಹತ್ವದ್ದು: ವ್ಯವಸ್ಥೆ ಸ್ವತಂತ್ರವಾಗಿಯೇ ಉಳಿಯುತ್ತದೆ, ದೋಷಗಳನ್ನು ಮುಚ್ಚಿಡುವುದಿಲ್ಲ ಎಂದು ಬಳಕೆದಾರರಿಗೆ ಬರೆದುಕೊಟ್ಟ ಮಾತು ಅದು.

ಡಿಸ್ಟ್ರೋದ ಹಿಂದೆ ಯಾರಿದ್ದಾರೆ ಎಂಬ ಪ್ರಶ್ನೆ 2003ರಲ್ಲಿ ಮುನ್ನೆಲೆಗೆ ಬಂತು. ಎಲ್ಲರಿಗೂ ಸಿಗುತ್ತಿದ್ದ ರೆಡ್ ಹ್ಯಾಟ್ ಲಿನಕ್ಸನ್ನು ಕಂಪನಿ ಒಂಬತ್ತನೇ ಆವೃತ್ತಿಗೆ ನಿಲ್ಲಿಸಿ, ಹಣ ಕೊಡುವ ಸಂಸ್ಥೆಗಳಿಗೆ ಎಂಟರ್‌ಪ್ರೈಸ್ ಆವೃತ್ತಿ, ಉಳಿದವರಿಗೆ ಸಮುದಾಯದ ಫೆಡೋರಾ ಎಂದು ಇಬ್ಭಾಗ ಮಾಡಿತು. ಎಂಟರ್‌ಪ್ರೈಸ್ ಆವೃತ್ತಿಯ ಮೂಲಸಂಕೇತದಿಂದಲೇ ಕಟ್ಟಿದ ಸೆಂಟ್‌ಒಎಸ್ 2004ರಿಂದ ಪುಕ್ಕಟೆ ಸಿಗತೊಡಗಿ, ಸರ್ವರುಗಳ ನೆಚ್ಚಿನ ಆಯ್ಕೆಯಾಯಿತು. ಉಬುಂಟು 2006ರಿಂದ ಎಲ್‌ಟಿಎಸ್ ಎಂಬ ದೀರ್ಘಾವಧಿ ಆವೃತ್ತಿಗಳನ್ನು ಕೊಡುತ್ತ ಬಂತು. ಆರು ತಿಂಗಳಿಗೊಮ್ಮೆ ಎಲ್ಲವನ್ನೂ ಬದಲಿಸುವ ಪುರುಸೊತ್ತು ಶಾಲೆಗಾಗಲಿ ಕಚೇರಿಗಾಗಲಿ ಇರುವುದಿಲ್ಲ. ಲಿನಕ್ಸ್ ಅಂಥ ಕಡೆ ಕಾಲೂರಲು ಈ ದೀರ್ಘಾವಧಿ ಬೆಂಬಲ ಅನಿವಾರ್ಯವಾಗಿತ್ತು.

ಕನ್ನಡದ ಮಟ್ಟಿಗೆ ನಿಜವಾದ ಹೋರಾಟ ನಡೆದದ್ದು ಅಕ್ಷರಗಳ ಸುತ್ತ. 2001ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಕೂಡಿ ಬೆಂಗಳೂರಿನಲ್ಲಿ ತೋರಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ನಡೆಯುವ ಅಂಗೈ ಕಂಪ್ಯೂಟರ್. ಪಠ್ಯವನ್ನು ಕನ್ನಡದಲ್ಲಿ ಓದಿ ಹೇಳುವ ಸೌಕರ್ಯವೂ ಅದರಲ್ಲಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಅದೇ ಹೊತ್ತಿಗೆ ಕನ್ನಡ ಕಾಣಿಸುವುದೇ ಕಷ್ಟವಿತ್ತು. ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಅಕ್ಷರಸಂಕೇತವಾದ ಯೂನಿಕೋಡ್ ಅಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಶೇಖರಿಸುತ್ತದೆ; ಒತ್ತಕ್ಷರವನ್ನು ಕೆಳಗಿಳಿಸುವುದು, ಅರ್ಕಾವತ್ತನ್ನು ಹಿಂದಕ್ಕೆ ಒಯ್ಯುವುದು, ಗುಣಿತಾಕ್ಷರ ಕಟ್ಟುವುದು ತೋರಿಸುವ ತಂತ್ರಾಂಶದ ಹೊಣೆ. ಗ್ನೋಮ್ ಡೆಸ್ಕ್‌ಟಾಪಿನ ಬಳಗಕ್ಕೆ ಪ್ಯಾಂಗೋ, ಕೆಡಿಇ ಡೆಸ್ಕ್‌ಟಾಪಿಗೆ ಕ್ಯೂಟಿ, ಓಪನ್‌ಆಫೀಸಿಗೆ ಇನ್ನೊಂದು, ಹೀಗೆ ಒಬ್ಬೊಬ್ಬರದು ಒಂದೊಂದು ಪದ್ಧತಿ. ಒಂದೇ ವಾಕ್ಯ ಎಡಿಟರಿನಲ್ಲಿ ನೆಟ್ಟಗಿದ್ದು ಬ್ರೌಸರಿನಲ್ಲಿ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಸಾಲುಗಟ್ಟುತ್ತಿತ್ತು. 2008ರಲ್ಲಿ ಮೂರನೇ ಆವೃತ್ತಿ ಬರುವವರೆಗೆ ಫೈರ್‌ಫಾಕ್ಸಿನಲ್ಲಿ ಕನ್ನಡ ಸರಿಯಾಗಿ ಓದಲು, ಪ್ಯಾಂಗೋ ಬಳಸು ಎಂದು ಟರ್ಮಿನಲ್ಲಿನಲ್ಲಿ ಆಜ್ಞೆ ಕೊಟ್ಟು ಅದನ್ನು ತೆರೆಯಬೇಕಾಗಿತ್ತು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಟಕಾರದ ಒತ್ತಾಗದಂತೆ ನಡುವೆ ಇಡಬೇಕಾದ, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರವನ್ನು ಕೆಲವು ತಂತ್ರಾಂಶಗಳು ನುಂಗಿಬಿಡುತ್ತಿದ್ದವು. ಇನ್ನು ಕೆಲವು ಅದರ ಜಾಗದಲ್ಲಿ ಚೌಕ ತೋರಿಸುತ್ತಿದ್ದವು.

ಇದಕ್ಕೆ ಪರಿಹಾರ ಒಂದೇ ದಿನ ಬರಲಿಲ್ಲ. ಜಿಪಿಎಲ್ ಅಡಿ ಸಿಕ್ಕ ಕೇದಗೆ, ಮಲ್ಲಿಗೆ ಫಾಂಟುಗಳು ಡೆಬಿಯನ್ನಿನ ಭಂಡಾರ ಸೇರಿದವು. ರೆಡ್ ಹ್ಯಾಟ್ ಬೆಂಬಲದ ಲೋಹಿತ್ ಕನ್ನಡ ಫೆಡೋರಾದ ಜತೆಗೇ ಬರತೊಡಗಿತು. ಮುಂದೆ ಕನ್ನಡದ ಸ್ವಯಂಸೇವಕರೇ ರೂಪಿಸಿದ ಗುಬ್ಬಿ, ನವಿಲು ಫಾಂಟುಗಳೂ ಡೆಬಿಯನ್, ಉಬುಂಟುಗಳಲ್ಲಿ ಜಾಗ ಪಡೆದವು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ‘ಕಗಪ’ ಹೆಸರಿನಲ್ಲಿ ಲಿನಕ್ಸ್‌ನ ಕೀಲಿಮಣೆ ಪಟ್ಟಿಯೊಳಗೇ ಸೇರಿಕೊಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಬೇರೆ ದಾರಿಯಲ್ಲಿದ್ದ ತಂತ್ರಾಂಶಗಳು ಒಂದೊಂದಾಗಿ ಹಾರ್ಫ್‌ಬಜ್ ಎಂಬ ಒಂದೇ ಅಕ್ಷರಜೋಡಣೆ ಲೈಬ್ರರಿಗೆ ಬಂದು ಸೇರಿದವು. ಲಿಬ್ರೆಆಫೀಸ್ 2013ರಲ್ಲಿ ಲಿನಕ್ಸ್‌ನ ಮಟ್ಟಿಗೆ ಅದನ್ನು ಒಪ್ಪಿಕೊಂಡಿತು. ಇಂದು ಯಾವ ಡಿಸ್ಟ್ರೋ ಹಾಕಿದರೂ ಕನ್ನಡ ಸರಿಯಾಗಿ ಮೂಡುವುದರ ಹಿಂದೆ ಈ ಒಗ್ಗೂಡುವಿಕೆಯಿದೆ. ಹೆಚ್ಚು ಜನ ಗಮನಿಸದಿದ್ದರೂ ಕನ್ನಡಕ್ಕೆ ಇದು ಡೆಸ್ಕ್‌ಟಾಪಿನ ಯಾವ ಹೊಸ ಅಲಂಕಾರಕ್ಕಿಂತಲೂ ದೊಡ್ಡ ಲಾಭ.

ಆದರೆ ಅಷ್ಟರಲ್ಲಿ ಕಚೇರಿಗಳೂ ಡಿಟಿಪಿ ಕೇಂದ್ರಗಳೂ ಬೇರೆ ದಾರಿಯಲ್ಲಿ ಬಹುದೂರ ಸಾಗಿದ್ದವು. 1998ರ ಬರಹ, ಅದರ ಹಿಂದೆಯೇ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ, ಖಾಸಗಿ ಶ್ರೀಲಿಪಿ ಇವೆಲ್ಲ ವಿಂಡೋಸಿಗೆಂದೇ ಕಟ್ಟಿದವು. ಅವುಗಳ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲದ ಸ್ವಂತ ಸಂಕೇತವನ್ನು ಬಳಸುತ್ತಿದ್ದವು. ಲಗ್ನಪತ್ರಿಕೆ, ಕರಪತ್ರ, ಕಾಲೇಜಿನ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ ಎಲ್ಲವೂ ಪೇಜ್‌ಮೇಕರಿನಲ್ಲಿ ಆ ಫಾಂಟುಗಳಲ್ಲೇ ತಯಾರಾದವು. ಅಂಥ ಕಡತವನ್ನು ಲಿನಕ್ಸ್‌ನಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಲಿನಕ್ಸ್ ಕಷ್ಟ ಎಂಬ ಮಾತಿಗಿಂತ ಈ ಕಡತಗಳ ರಾಶಿಯೇ ನಮ್ಮ ಊರುಗಳನ್ನು ವಿಂಡೋಸಿಗೆ ಕಟ್ಟಿಹಾಕಿತು ಎನ್ನುವುದು ಹೆಚ್ಚು ನಿಜ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಚಿದಾನಂದ ಗೌಡರು ಮುಂದೆ ಸರ್ಕಾರದ ಕನ್ನಡ ತಂತ್ರಾಂಶ ಅಭಿವೃದ್ಧಿ ಸಮಿತಿಯ ಅಧ್ಯಕ್ಷರಾಗಿ ಯೂನಿಕೋಡ್ ಪರವಾಗಿ ಶ್ರಮಿಸಿದರು. 2012ರಲ್ಲಿ ರಾಜ್ಯ ಸರ್ಕಾರ ಯೂನಿಕೋಡನ್ನು ಅಧಿಕೃತ ಶಿಷ್ಟತೆಯಾಗಿ ಒಪ್ಪಿದ್ದರಿಂದ ಹೊಸ ಕಡತಗಳಿಗೆ ಆ ಗೋಡೆ ಇಲ್ಲವಾಯಿತು. ಹಳೆಯವಕ್ಕೆ ಪರಿವರ್ತಕಗಳು ಬಂದಿವೆ. ಪುಟವಿನ್ಯಾಸಕ್ಕೆ ಬಳಸುವ ಸ್ಕ್ರೈಬಸ್ ಮಾತ್ರ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ಸ್ಥಿರ ಆವೃತ್ತಿಯನ್ನು ಕೊಟ್ಟದ್ದು 2024ರ ಜನವರಿಯಲ್ಲಿ. ಡಿಟಿಪಿ ಕೇಂದ್ರಗಳ ಮಟ್ಟಿಗೆ ಅದು ಬಹಳ ತಡ.

ಸರ್ಕಾರಗಳು ತಾವೇ ಡಿಸ್ಟ್ರೋ ರೂಪಿಸಿದ್ದೂ ಉಂಟು. ಕೇಂದ್ರ ಸರ್ಕಾರದ ಸಂಸ್ಥೆಯಾದ ಸಿ-ಡಾಕ್‌ನ ಚೆನ್ನೈ ಕೇಂದ್ರ 2007ರಲ್ಲಿ ಡೆಬಿಯನ್ ಆಧರಿಸಿದ ಬಾಸ್ ಲಿನಕ್ಸನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳ ಬೆಂಬಲದೊಂದಿಗೆ ಹೊರತಂದಿತು. ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿತು. ಆದರೂ ಬಾಸ್ ಜನಬಳಕೆಯ ಡಿಸ್ಟ್ರೋ ಆಗಲಿಲ್ಲ. ಆದೇಶದಿಂದ ಸ್ಥಾಪಿಸಬಹುದು, ತರಬೇತಿಯೂ ಕೆಟ್ಟಾಗ ಸರಿಪಡಿಸುವವರೂ ಇಲ್ಲದೆ ಉಳಿಸಿಕೊಳ್ಳಲಾಗದು.

ಇದನ್ನು ಚೆನ್ನಾಗಿ ಅರಿತು ನಡೆದದ್ದು ಕೇರಳದ ಶಾಲಾ ಶಿಕ್ಷಣ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆ, ಶಾಲೆಗಳಿಗೆಂದೇ ಉಬುಂಟು ಆಧಾರಿತ ಡಿಸ್ಟ್ರೋ ಸಿದ್ಧಪಡಿಸಿ, ಶಿಕ್ಷಕರಿಗೆ ತರಬೇತಿ ಕೊಟ್ಟು, ಪಠ್ಯಪುಸ್ತಕವನ್ನೂ ಅದಕ್ಕೆ ಹೊಂದಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಪಾಠಗಳು ಕನ್ನಡ ಪುಸ್ತಕದಲ್ಲೇ ಸಿಗುತ್ತವೆ. ಕನ್ನಡದಲ್ಲಿ ಲಿನಕ್ಸನ್ನು ಶಾಲಾಪಾಠವಾಗಿ ಕಲಿಯುವ ಅವಕಾಶ ಗಡಿಯಾಚೆಯ ಮಕ್ಕಳಿಗೆ ಇಷ್ಟು ವ್ಯವಸ್ಥಿತವಾಗಿ ಒದಗಿರುವುದು ಕರ್ನಾಟಕ ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ಕರ್ನಾಟಕದಲ್ಲಿ ಪ್ರಯತ್ನ ಆಗಿಲ್ಲವೆಂದಲ್ಲ. 2011ರಿಂದ ರಾಜ್ಯದ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು, ಜಿಯೊಜೀಬ್ರಾ, ಲಿಬ್ರೆಆಫೀಸ್ ಕಲಿಸಿತು. ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಲಿನಕ್ಸ್ ಪಾಠಗಳನ್ನು ಕನ್ನಡ ಧ್ವನಿಯಲ್ಲೂ ಕೊಟ್ಟಿತು. ಕೊರತೆಯಾದದ್ದು ಒಂದೇ ಸಂಸ್ಥೆ ವರ್ಷದಿಂದ ವರ್ಷಕ್ಕೆ ಹೊಣೆ ಹೊತ್ತು ನಡೆಸುವ ನಿರಂತರತೆ.

2010ರ ಬಳಿಕದ ಬದಲಾವಣೆಗಳಲ್ಲಿ ಹೆಚ್ಚಿನವು ಬಳಕೆದಾರರ ಕಣ್ಣಿಗೆ ಬೀಳದ ಒಳಗಿನವು. ಸಿಸ್ಟಂ-ಡಿ ಬೂಟ್ ವ್ಯವಸ್ಥೆಯನ್ನು ಫೆಡೋರಾ 2011ರಲ್ಲಿ, ಡೆಬಿಯನ್ ಭಾರಿ ವಾಗ್ವಾದದ ನಂತರ 2015ರ ಸ್ಥಿರ ಆವೃತ್ತಿಯಲ್ಲಿ ಅಳವಡಿಸಿಕೊಂಡವು. ಉಬುಂಟು 2011ರಲ್ಲಿ ಯೂನಿಟಿ ಡೆಸ್ಕ್‌ಟಾಪ್ ತಂದು 2017ರಲ್ಲಿ ಗ್ನೋಮ್‌ಗೆ ಮರಳಿತು; ಆ ಗೊಂದಲದ ವರ್ಷಗಳಲ್ಲಿ ಹಳೆಯ ವಿಂಡೋಸಿನಂತೆಯೇ ಕಾಣುವ ಲಿನಕ್ಸ್ ಮಿಂಟ್ ಹೊಸಬರ ಮೆಚ್ಚುಗೆ ಗಳಿಸಿತು. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್‌ಗಳು ತಂತ್ರಾಂಶವನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಕಟ್ಟಿ ಯಾವ ಡಿಸ್ಟ್ರೋದಲ್ಲಾದರೂ ಓಡಿಸುತ್ತವೆ. ಫೆಡೋರಾ ಸಿಲ್ವರ್‌ಬ್ಲೂನಂಥವು ಮೂಲ ವ್ಯವಸ್ಥೆಯನ್ನೇ ತಿದ್ದಲಾಗದಂತೆ ಬೀಗ ಹಾಕಿ, ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ಅನುಕೂಲ ಕೊಡುತ್ತವೆ. ಇವೆಲ್ಲ ಒಳ್ಳೆಯ ಬೆಳವಣಿಗೆಗಳೇ. ಆದರೆ ಡಿಸ್ಕಿನ ಜಾಗ, ಡೇಟಾ ಎರಡನ್ನೂ ಹೆಚ್ಚು ಬೇಡುತ್ತವೆ.

ಕಂಪನಿಯ ನೆರಳಿನಲ್ಲಿರುವ ಡಿಸ್ಟ್ರೋದ ಅಪಾಯವೂ ಈ ಕಾಲದಲ್ಲೇ ಎದ್ದು ಕಂಡಿತು. ರೆಡ್ ಹ್ಯಾಟನ್ನು ಐಬಿಎಂ 2019ರಲ್ಲಿ 34 ಬಿಲಿಯನ್ ಡಾಲರಿಗೆ ಕೊಂಡಿತು. 2029ರವರೆಗೆ ಬೆಂಬಲವಿದೆಯೆಂದು ನಂಬಿದ್ದ ಸೆಂಟ್‌ಒಎಸ್ 8 ಅನ್ನು 2021ರ ಕೊನೆಗೇ ನಿಲ್ಲಿಸಲಾಯಿತು. ಆ ಜಾಗಕ್ಕೆ ರಾಕಿ, ಆಲ್ಮಾ ಎಂಬ ಹೊಸ ಡಿಸ್ಟ್ರೋಗಳು ತಿಂಗಳುಗಳಲ್ಲೇ ಹುಟ್ಟಿಕೊಂಡದ್ದು ಮುಕ್ತ ಪರವಾನಗಿಯ ಬಲವನ್ನೂ ತೋರಿಸಿತು.

ಹಳೆಯ ಯಂತ್ರಗಳ ಸ್ಥಿತಿ ಬಿಗಡಾಯಿಸಿದೆ. ಒಂದೇ ಸಿಡಿಯಲ್ಲಿ ಹಿಡಿಯುತ್ತಿದ್ದ ಉಬುಂಟು 24.04ರ ಹೊತ್ತಿಗೆ ಐದು ಜಿಬಿ ಮೀರಿದೆ; 4 ಜಿಬಿ ರ‍್ಯಾಮ್ ಬೇಕೆನ್ನುತ್ತದೆ. 32-ಬಿಟ್ ಯಂತ್ರಗಳನ್ನು ಉಬುಂಟು 2017ರಲ್ಲೇ ಕೈಬಿಟ್ಟಿತು. 2025ರ ಡೆಬಿಯನ್ 13 ಕೂಡ ಅವಕ್ಕೆ ಇನ್‌ಸ್ಟಾಲರ್ ಕೊಡುವುದಿಲ್ಲ. ಇನ್ನೊಂದು ಕಡೆ, ಸ್ಥಾಪಿಸಿದ ಕೂಡಲೇ ವೈಫೈ ಕೆಲಸ ಮಾಡದ ಹಳೆಯ ಗೋಳು ಡೆಬಿಯನ್ನಿನಲ್ಲಿ ಬಹುಪಾಲು ನೀಗಿದೆ: ಸ್ವತಂತ್ರವಲ್ಲದ ಫರ್ಮ್‌ವೇರನ್ನೂ ಇನ್‌ಸ್ಟಾಲರಿಗೆ ಸೇರಿಸಬೇಕೆಂದು 2022ರಲ್ಲಿ ಡೆವಲಪರುಗಳು ಮತ ಹಾಕಿ ತೀರ್ಮಾನಿಸಿದರು, 2023ರ ಡೆಬಿಯನ್ 12ರಲ್ಲಿ ಅದು ಜಾರಿಗೆ ಬಂತು. ತತ್ತ್ವದಲ್ಲಿ ಒಂದು ಹೆಜ್ಜೆ ಹಿಂದೆ ಸರಿದರೂ ಬಳಕೆದಾರರ ಹಿತ ಕಾಯ್ದ ನಿರ್ಧಾರ ಇದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಒಪ್ಪದ ಆದರೆ 64-ಬಿಟ್ ಪ್ರೊಸೆಸರ್ ಇರುವ ಕಂಪ್ಯೂಟರುಗಳು ಶಾಲೆ, ಕಚೇರಿ, ಮನೆಗಳಲ್ಲಿ ಹೇರಳ. ಮಿಂಟ್ ಅಥವಾ ಡೆಬಿಯನ್ ಹಾಕಿದರೆ ಅವು ಇನ್ನೂ ಹಲವು ವರ್ಷ ಸುರಕ್ಷಿತವಾಗಿ ನಡೆಯುತ್ತವೆ. ಲಿಪಿ, ಫಾಂಟು, ಕೀಲಿಮಣೆಗಳ ಸಮಸ್ಯೆ ಬಗೆಹರಿದಿರುವುದರಿಂದ ಕನ್ನಡದ ಕೆಲಸಕ್ಕೂ ತೊಡಕಿಲ್ಲ. ಹಿಂದೆ ಬಿದ್ದಿರುವುದು ಮೆನು, ಸಂದೇಶಗಳ ಅನುವಾದ. 2000ದ ದಶಕದಲ್ಲಿ ಸ್ವಯಂಸೇವಕರೂ ರೆಡ್ ಹ್ಯಾಟಿನ ಪುಣೆಯ ಭಾಷಾ ತಂಡವೂ ಗ್ನೋಮ್, ಫೆಡೋರಾಗಳನ್ನು ಬಹುಮಟ್ಟಿಗೆ ಕನ್ನಡಕ್ಕೆ ತಂದಿದ್ದರು. ಆಮೇಲೆ ಸೇರಿದ ಹೊಸ ಸಾಲುಗಳಿಗೆ ಕೈ ಸಾಲದೆ, ಇಂದು ಕನ್ನಡ ಆಯ್ದುಕೊಂಡವರಿಗೆ ಅರ್ಧ ಕನ್ನಡ ಅರ್ಧ ಇಂಗ್ಲಿಷಿನ ಪರದೆ ಎದುರಾಗುತ್ತದೆ. ಈ ಕೆಲಸಕ್ಕೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಿಲ್ಲ. ಬ್ರೌಸರ್, ಒಳ್ಳೆಯ ಕನ್ನಡ ಮತ್ತು ವಾರಕ್ಕೊಂದೆರಡು ಗಂಟೆ ಸಾಕು. ಶಿವಮೊಗ್ಗ, ಭದ್ರಾವತಿ, ಶಂಕರಘಟ್ಟದ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವವರೂ ಕನ್ನಡ ಎಂ.ಎ. ಓದುವವರೂ ಕೂಡಿ ಈ ಅನುವಾದವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.